ಹವ್ಯಾಸದ ತಾಣಗಳ ಯೋಗಕ್ಷೇಮ

ಲಾಭದ ಅಪೇಕ್ಷೆಯಾಗಲಿ ಕೀರ್ತಿಯ ಹಂಬಲವಾಗಲಿ ವಿಶೇಷವಾಗಿ ಇಲ್ಲದೆ, ಒಂದು ವಿಷಯದಲ್ಲಿ ತನಗೆ ಹುಟ್ಟಿದ ಪ್ರೀತಿಯೊಂದನ್ನೇ ಬಂಡವಾಳವಾಗಿಟ್ಟುಕೊಂಡು, ಹಳೆಯ ಕೈಗಡಿಯಾರಗಳನ್ನೋ, ಉಗಿಬಂಡಿಗಳ ಚರಿತ್ರೆಯನ್ನೋ, ವೃತ್ತಿನಾಟಕ ಕಂಪನಿಗಳ ಕರಪತ್ರಗಳನ್ನೋ ಕುರಿತು ವರ್ಷಾನುವರ್ಷ ಸಾಮಗ್ರಿಯನ್ನು ಕೂಡಿಸಿ, ಅದನ್ನು ಅಂತರಜಾಲದಲ್ಲಿ ಸರ್ವರಿಗೂ ತೆರೆದಿಟ್ಟ ಹವ್ಯಾಸಿಯು, ತನ್ನ ತಾಣವನ್ನು ಯಾರೂ ನೋಡದಿರುವವರೆಗೆ ನಿಶ್ಚಿಂತನಾಗಿರುತ್ತಾನೆ. ನಾಲ್ಕು ಜನ ನೋಡಿ ಮೆಚ್ಚಿದರೆ ಸಂತೋಷಪಡುತ್ತಾನೆ. ಆ ನಾಲ್ಕು ಜನ ನಾಲ್ಕು ಸಾವಿರವಾದ ದಿನವೇ ಅವನ ಕಷ್ಟಕ್ಕೆ ಮೊದಲು. ಏಕೆಂದರೆ ತಾಣಕ್ಕೆ ಸ್ಥಳ ಕೊಟ್ಟ ಹೋಸ್ಟಿಂಗ್ ಕಂಪನಿಯ ಲೆಕ್ಕದಲ್ಲಿ ಓದುಗನೆಂದರೆ ಒಂದು ವೆಚ್ಚ, ಮರಳಿ ಮರಳಿ ಬರುವ ಓದುಗನೆಂದರೆ ಮರಳಿ ಮರಳಿ ಬರುವ ವೆಚ್ಚ. ವಾಣಿಜ್ಯದ ತಾಣದಲ್ಲಿ ಈ ವೆಚ್ಚ ಆದಾಯದೊಡನೆ ಬೆಳೆಯುತ್ತದೆ. ಹವ್ಯಾಸದ ತಾಣದಲ್ಲಿ ವೆಚ್ಚವೊಂದೇ ಬೆಳೆಯುತ್ತದೆ. ಹೀಗೆ ಜನಪ್ರಿಯತೆಯ ಕಾರಣದಿಂದಲೇ ಬಾಗಿಲು ಮುಚ್ಚುವ ತಾಣಗಳ ಯೋಗಕ್ಷೇಮವು ಒಬ್ಬ ವ್ಯಕ್ತಿಯ ಕ್ರೆಡಿಟ್ ಕಾರ್ಡಿನ ಮೇಲೆ ನಿಲ್ಲಬಾರದೆಂಬುದೂ, ಆ ಹೊಣೆಯನ್ನು ಸಮಾಜ ಹಂಚಿಕೊಳ್ಳುವಂತಾಗಲು ಮೊದಲು ಹವ್ಯಾಸಿಯೇ ತನ್ನ ಸಂಗ್ರಹವನ್ನು ಹಗುರವಾಗಿಯೂ ನಕಲಿಗೆ ಮುಕ್ತವಾಗಿಯೂ ಇಡಬೇಕೆಂಬುದೂ ನನ್ನ ಅಭಿಪ್ರಾಯ.

ಕಂಪನಿ ವಿಧಿಸುವ ಬಳಕೆಯ ಮಿತಿ ಎಂಬುದು ಎಲ್ಲಿ, ಹೇಗೆ ಬಂದು ತಾಗುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಬೆಂಗಳೂರಿನಲ್ಲಿ ನಮ್ಮ ಟಿ. ದಾಸರಹಳ್ಳಿಯ ನೆರೆಯ ಜಾಲಹಳ್ಳಿಯಲ್ಲಿ, ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಆರಂಭವಾದ ಎಚ್‌.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಎರಡು ತಲೆಮಾರಿನ ಭಾರತೀಯರ ಮಣಿಕಟ್ಟನ್ನು ಅಲಂಕರಿಸಿತಷ್ಟೆ. ಆ ಗಡಿಯಾರ ಸಂಸ್ಥೆಯನ್ನು ಮುಚ್ಚುವುದೆಂದು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದ ಮೇಲೆ ಜನತಾ, ಪೈಲಟ್, ಕಾಂಚನ್ ಮುಂತಾದ ಮಾದರಿಗಳನ್ನು ಹುಡುಕಿ ಕೂಡಿಡುವ ವ್ಯಸನ ದೇಶದಲ್ಲೆಲ್ಲ ಹಬ್ಬಿತು. ಕಾರ್ಖಾನೆಯಿಂದ ನಿವೃತ್ತರಾದವರೊಬ್ಬರು ತಮ್ಮ ಸಂಗ್ರಹದ ಹತ್ತು ಗಡಿಯಾರಗಳನ್ನು ಮೊಬೈಲಿನಲ್ಲಿ ಚಿತ್ರಿಸಿ, ತಲಾ 4 ಎಂಬಿ ತೂಕದ ಆ ಚಿತ್ರಗಳನ್ನು ತೆಗೆದದ್ದು ತೆಗೆದ ಹಾಗೆಯೇ ಒಂದು ಪುಟಕ್ಕೆ ಏರಿಸಿದರೆಂದು ಭಾವಿಸೋಣ. ಪುಟದ ತೂಕ 40 ಎಂಬಿ. ದಿನಕ್ಕೆ ಸಾವಿರ ಮಂದಿ ನೋಡಿದರೆ 40 ಜಿಬಿ. ತಿಂಗಳಿಗೆ 1200 ಜಿಬಿ. ಅದೇ ಚಿತ್ರಗಳನ್ನು ಪರದೆಯ ಅಗಲಕ್ಕೆ ತಕ್ಕಂತೆ ಕಿರಿದುಗೊಳಿಸಿ ತಲಾ 100 ಕೆಬಿಗೆ ಇಳಿಸಿದ್ದರೆ ತಿಂಗಳ ಒಟ್ಟು ಭಾರ 30 ಜಿಬಿ. ಡಯಲಿನ ಮೇಲಿನ ದೇವನಾಗರಿ ಅಂಕಿಗಳು ಎರಡನೆಯ ಪಕ್ಷದಲ್ಲಿಯೂ ಅಷ್ಟೇ ನಿಚ್ಚಳವಾಗಿ ಕಾಣುವುವು. ಮೊದಲನೆಯ ಪಕ್ಷದಲ್ಲಾದರೋ ತಿಂಗಳ ಮೊದಲ ವಾರ ಕಳೆಯುವುದರೊಳಗೆ ಅಗ್ಗದ ಯೋಜನೆ ತಿಂಗಳಿಗೆಂದು ಕೊಟ್ಟ ಸಾಗಣೆಯ ಪಾಲು, ಅಂದರೆ ಬ್ಯಾಂಡ್‌ವಿಡ್ತ್ ಮುಗಿದು, ಗಡಿಯಾರದ ಸ್ಥಳದಲ್ಲಿ 509 ಎಂಬ ದೋಷಸಂಖ್ಯೆಯೂ ಮಿತಿ ಮೀರಿತೆಂಬ ಒಕ್ಕಣೆಯೂ ಮಾತ್ರ ದರ್ಶನ ಕೊಡುತ್ತವೆ.

ಅಗ್ಗದ ಹೋಸ್ಟಿಂಗ್ ಯೋಜನೆಗಳು ಯಾವ ಮಿತಿಯೂ ಇಲ್ಲವೆಂದು ಸಾರುವುದುಂಟು. ಆದರೆ ಒಂದೇ ಸರ್ವರಿನಲ್ಲಿ ನೂರಾರು ತಾಣಗಳನ್ನು ಒತ್ತೊತ್ತಾಗಿ ಇರಿಸಿರುವಾಗ, ಸ್ಥಳಕ್ಕೆ ಮಿತಿಯಿಲ್ಲದಿದ್ದರೂ ಕಡತಗಳ ಸಂಖ್ಯೆಗೆ, ಒಂದೇ ಕ್ಷಣದಲ್ಲಿ ನಡೆಯಬಹುದಾದ ಕ್ರಿಯೆಗಳಿಗೆ, ಸ್ಮೃತಿಗೆ ಮಿತಿಯುಂಟು. ಅವುಗಳಲ್ಲಿ ಯಾವುದೊಂದು ಮೀರಿದರೂ ‘ಸೈಟ್ ಡೌನ್’. ಕರಾರಿನ ಸಣ್ಣಕ್ಷರಗಳಲ್ಲಿ ಇದೆಲ್ಲ ಬರೆದೇ ಇರುತ್ತದಾದ್ದರಿಂದ ಕಂಪನಿಯನ್ನು ದೂಷಿಸಿ ಪ್ರಯೋಜನವಿಲ್ಲ.

ಇಂತಹ ಮಿತಿಯೊಳಗೇ ನಡೆಯುವುದು ಹೇಗೆಂದು ಯೋಚಿಸುವಾಗ, ನಮ್ಮ ದಾಸರಹಳ್ಳಿಯ ನೆತ್ತಿಯ ಮೇಲೆ ಹಾದುಹೋಗುವ ತುಮಕೂರು ರಸ್ತೆಯ ಮೇಲ್ಸೇತುವೆಯ ವೃತ್ತಾಂತ ನೆನಪಿಗೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಅದರ ಕಂಬಗಳ ನಡುವಣ ಬಿಗಿಗೊಳಿಸಿದ ಕೇಬಲ್ಲುಗಳಲ್ಲಿ ದೋಷ ಕಂಡುಬಂದು ಸೇತುವೆಯನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಹಗುರ ವಾಹನಗಳಿಗೆ ತೆರೆದರು. ಭಾರಿ ವಾಹನಗಳಿಗೆ 2024ರ ಜುಲೈವರೆಗೆ ಪ್ರವೇಶ ದೊರೆಯಲಿಲ್ಲ. ಅಲ್ಲಿಯವರೆಗೆ ಲಾರಿ ಬಸ್ಸುಗಳೆಲ್ಲ ಎಂಟನೆಯ ಮೈಲಿಯ ಕೆಳರಸ್ತೆಯಲ್ಲಿ ತೆವಳಿದುವು. (ಆ ಧೂಳನ್ನು ಕುಡಿದವರಲ್ಲಿ ನಾನೂ ಒಬ್ಬನಾದ್ದರಿಂದ ಉಪಮಾನ ತುಸು ಕಹಿಯಾಗಿದ್ದರೆ ವಾಚಕರು ಮನ್ನಿಸಬೇಕು.) ಸೇತುವೆಯ ಶಕ್ತಿ ಕುಗ್ಗಿದ್ದರೂ ಸಂಚಾರ ಪೂರ್ತಿ ನಿಲ್ಲದೆ ಉಳಿದದ್ದು, ಯಾವುದು ಮೇಲೆ ಹೋಗಬೇಕು, ಯಾವುದು ಕೆಳಗೆ ಹೋಗಬೇಕೆಂಬ ವಿವೇಕದಿಂದ. ಹವ್ಯಾಸಿಯೂ ಹಾಗೆಯೇ ಬರಹವನ್ನೂ ಕಿರಿದುಗೊಳಿಸಿದ ಚಿತ್ರಗಳನ್ನೂ ತನ್ನ ಬಾಡಿಗೆಯ ಸ್ಥಳದಲ್ಲಿರಿಸಿಕೊಂಡು, ಮೂಲದ ಹಿರಿಯ ಚಿತ್ರಗಳನ್ನೂ ಧ್ವನಿಸುರುಳಿಗಳನ್ನೂ ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯ ಕಾಮನ್ಸ್‌ಗಳಂತಹ ವಿಶಾಲವಾದ ಸಾರ್ವಜನಿಕ ಭಂಡಾರಗಳಿಗೆ ಒಪ್ಪಿಸಿ ಅಲ್ಲಿಗೆ ದಾರಿ ತೋರಿಸುವುದು ಯುಕ್ತ.

ಕನ್ನಡದ ತಾಣಗಳಿಗೆ ಈ ಮಿತವ್ಯಯ ಇನ್ನೂ ಒಂದು ಕಾರಣದಿಂದ ಅಗತ್ಯ. ಇಂದು ಅಂತರಜಾಲದಲ್ಲಿ ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ನಮ್ಮ ಒತ್ತಕ್ಷರಗಳಾದರೋ ಹಲವು ಸಂಕೇತಗಳ ಸರಣಿ. ‘ಸ್ತ್ರೀ’ ಎಂದು ಬರೆದಾಗ ಕಣ್ಣಿಗೆ ಕಾಣುವುದು ಒಂದೇ ಅಕ್ಷರ, ಕಡತದಲ್ಲಿ ಕೂರುವುದು ಆರು ಸಂಕೇತಗಳು, ಹದಿನೆಂಟು ಬೈಟುಗಳು. ಇದರಿಂದ ಗಾಬರಿಯಾಗಬೇಕಾದುದಿಲ್ಲ, ಪುಟವನ್ನು ಕಳುಹಿಸುವ ಮುನ್ನ ಜಿಜಿಪ್ ಮುಂತಾದ ಕ್ರಮಗಳಿಂದ ಸಂಕೋಚಿಸಿದರೆ ಈ ಭಾರ ಬಹುಪಾಲು ಕರಗುತ್ತದೆ. ಆದರೆ ಸಂಕೋಚನದ ಆ ಗುಂಡಿಯನ್ನು ಒತ್ತದೆಯೇ ಬಿಟ್ಟ ತಾಣಗಳು ಎಷ್ಟೋ ಇವೆ. ಮೊಬೈಲುಗಳಲ್ಲಿ ಕನ್ನಡದ ಅಕ್ಷರಗಳು ತಾವಾಗಿಯೇ ಬರುತ್ತಿರುವ ಈ ಕಾಲದಲ್ಲಿಯೂ, ಅಂದಕ್ಕಾಗಿ ಪ್ರತ್ಯೇಕ ಫಾಂಟನ್ನು ಓದುಗನ ಮೇಲೆ ಹೇರುವ ತಾಣಗಳಿವೆ. ಅಂಥಲ್ಲಿ ಅನೇಕ ಸಲ ಬರಹಕ್ಕಿಂತ ಬರಹದ ಉಡುಪೇ ಹೆಚ್ಚು ತೂಗುತ್ತದೆ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ತಾಣವನ್ನು ಆರಂಭಿಸಿದ ಕಾಲಕ್ಕೆ ಬೇರೆ ಉಪಾಯವಿರಲಿಲ್ಲ, ಯುನಿಕೋಡ್ ನೆಲೆಗೊಳ್ಳುವ ಮುನ್ನ ಕನ್ನಡದ ಓದುಗನು ಮೊದಲು ಫಾಂಟನ್ನು ಇಳಿಸಿಕೊಂಡು ಆಮೇಲೆ ಲೇಖನವನ್ನು ಓದಬೇಕಾಗಿತ್ತು. ದೂರವಾಣಿಯ ತಂತಿಯ ಮೇಲೆ ತೆವಳುತ್ತಿದ್ದ ಆ ಸಂಪರ್ಕದಲ್ಲಿ ಒಂದೊಂದು ಕೆಬಿಗೂ ಬೆಲೆಯಿದ್ದ ಕಾರಣ, ಅಂದಿನವರು ಕಟ್ಟಿದ ಪುಟಗಳಲ್ಲಿ ಒಂದು ವಿಧವಾದ ತಪಸ್ಸಿನ ಸರಳತೆ ಇತ್ತು. ಅದನ್ನು ನಾವು ದಾರಿದ್ರ್ಯವೆಂದು ತಿಳಿದು ಬಿಟ್ಟೆವು.

ಹಗುರವಾಗಿರುವುದರಿಂದ ತಾಣ ಈ ತಿಂಗಳು ಉಳಿಯಬಹುದು. ಯಜಮಾನನ ಅನಂತರವೂ ಉಳಿಯಬೇಕಾದರೆ ಅದರ ನಕಲುಗಳು ಬೇರೆ ಬೇರೆ ಕೈಗಳಲ್ಲಿರಬೇಕು. ಜಿಯೋಸಿಟೀಸ್ ಎಂಬ ಉಚಿತ ಆಶ್ರಯದಲ್ಲಿ ಲೋಕದ ಲಕ್ಷಾಂತರ ಹವ್ಯಾಸಿಗಳು ಮನೆಮಾಡಿದ್ದರು; 1999ರಲ್ಲಿ ಅದನ್ನು ಕೊಂಡ ಯಾಹೂ ಕಂಪನಿ, ತಾಸಿಗೆ ಇಷ್ಟೇ ಬ್ಯಾಂಡ್‌ವಿಡ್ತ್ ಎಂದು ಅಳೆದು ಕೊಡುತ್ತಿದ್ದ ಆ ಅನ್ನಛತ್ರವನ್ನು 2009ರ ಅಕ್ಟೋಬರಿನಲ್ಲಿ ಮುಚ್ಚಿಯೇಬಿಟ್ಟಿತು. ಆ ಪುಟಗಳಲ್ಲಿ ಇಂದು ದೊರೆಯುವವುಗಳಲ್ಲಿ ಬಹಳಷ್ಟು, ಮುಚ್ಚುವ ಮುನ್ನ ಆರ್ಕೈವ್ ಟೀಮಿನಂತಹ ಸ್ವಯಂಸೇವಕರು ಹಗಲಿರುಳು ನಕಲು ಮಾಡಿಕೊಂಡವು.

ಉಚಿತ ಆಶ್ರಯದ ಮಾತು ಹಾಗಿರಲಿ, ಸರ್ಕಾರದ ಬೆಂಬಲವಿದ್ದ ಭಂಡಾರದ ಗತಿಯನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಕೆಲವೇ ಮೈಲಿಗಳಾಚೆ, ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ, ಕನ್ನಡದ ಸಾವಿರಾರು ಹಳೆಯ ಗ್ರಂಥಗಳನ್ನೊಳಗೊಂಡಂತೆ ದೇಶಭಾಷೆಗಳ ಲಕ್ಷಗಟ್ಟಲೆ ಪುಸ್ತಕಗಳನ್ನು ಹೊತ್ತಿತ್ತು. ಹಕ್ಕುಸ್ವಾಮ್ಯದ ತಕರಾರಿನಿಂದ 2017ರ ಸುಮಾರಿಗೆ ಆ ತಾಣ ಕಣ್ಮರೆಯಾಯಿತು. ಅಷ್ಟರಲ್ಲಿ ಕಾರ್ಲ್ ಮಲಮದ್ ಅವರ ಪಬ್ಲಿಕ್ ರಿಸೋರ್ಸ್ ಸಂಸ್ಥೆ ಅದರ ಬಹುಭಾಗವನ್ನು ಇಂಟರ್ನೆಟ್ ಆರ್ಕೈವಿಗೆ ಸಾಗಿಸಿದ್ದುದರಿಂದ ಕನ್ನಡದ ಸಂಶೋಧಕನು ಇಂದಿಗೂ ಅನಾಥನಾಗಿಲ್ಲ. ಸರ್ವರ್ ದೊಡ್ಡದಾಗಿದ್ದ ಮಾತ್ರಕ್ಕೆ ಸಂಗ್ರಹ ಚಿರಂಜೀವಿಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಇದಕ್ಕೆ ಪ್ರತಿಯಾಗಿ ನಿಲ್ಲುವುದು ‘ಅಲರ್’ ಕನ್ನಡ ನಿಘಂಟು. ಬೆಂಗಳೂರಿನ ವಿ. ಕೃಷ್ಣ ಅವರು ನಾಲ್ಕು ದಶಕಗಳಿಗೂ ಮೀರಿ, ಯಾವ ಸಂಸ್ಥೆಯ ಆಜ್ಞೆಯೂ ಇಲ್ಲದೆ, ಏಕಾಂಗಿಯಾಗಿ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಶಬ್ದಗಳು 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಜಾಲಕ್ಕೆ ಬಂದುವು. ಬಂದದ್ದಷ್ಟೇ ಅಲ್ಲ, ಮುಕ್ತ ಪರವಾನಗಿಯೊಡನೆ ಬಂದುವು. ಇಡೀ ನಿಘಂಟನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮಲ್ಲಿ ಇರಿಸಿಕೊಳ್ಳಬಹುದು. ನಾಳೆ ಆ ತಾಣ ನಿಂತರೂ ನಿಘಂಟು ನಿಲ್ಲುವುದಿಲ್ಲ. ಬಹುಮಂದಿ ಹವ್ಯಾಸಿಗಳು ಇಲ್ಲಿಯೇ ಹಿಂಜರಿಯುತ್ತಾರೆ. ಚಿತ್ರದ ನಡುವೆ ತಮ್ಮ ಹೆಸರಿನ ಮುದ್ರೆಯನ್ನೊತ್ತಿ, ಪ್ರತಿ ತೆಗೆಯದಂತೆ ಕೀಲಿ ಹಾಕಿ, ತಮ್ಮ ಜೀವಮಾನದ ಶ್ರಮವನ್ನು ಕಾಪಾಡಿಕೊಂಡೆವೆಂದು ತಿಳಿಯುತ್ತಾರೆ. ಅವರ ಅಭಿಮಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಡೊಮೈನಿನ ರಿನ್ಯೂವಲ್ ನೋಟೀಸು ಬರುವ ಈಮೇಲಿನ ಪಾಸ್‌ವರ್ಡ್ ಒಬ್ಬನಿಗೇ ಗೊತ್ತಿದ್ದು, ಆ ಒಬ್ಬನು ಆಸ್ಪತ್ರೆಯಲ್ಲಿ ಮಲಗಿದ ವರ್ಷವೇ ಅಂತಹ ಕೀಲಿಗಳ ನಿಜವಾದ ಅರ್ಥ ಹೊರಬೀಳುತ್ತದೆ.

ಈಚೆಗೆ ಇನ್ನೊಂದು ಉಪದ್ರವ ಸೇರಿಕೊಂಡಿದೆ. ತಾಣಗಳನ್ನು ನೋಡಲು ಬರುವವರೆಲ್ಲ ಮನುಷ್ಯರಲ್ಲ. ಕೃತಕ ಬುದ್ಧಿಮತ್ತೆಗೆ ಆಹಾರ ಕೂಡಿಸುವ ಯಂತ್ರಗಳು ಒಂದೊಂದು ಪುಟವನ್ನೂ ಬಿಡದೆ ಜಾಲಾಡುತ್ತವೆ. ತನ್ನ ಬಹುಮಾಧ್ಯಮ ಕಡತಗಳ ಇಳಿಕೆಗೆ ತಗಲುವ ಬ್ಯಾಂಡ್‌ವಿಡ್ತ್ 2024ರ ಜನವರಿಯಿಂದೀಚೆಗೆ ಶೇ 50ರಷ್ಟು ಏರಿತೆಂದೂ, ಪುಟವೀಕ್ಷಣೆಯಲ್ಲಿ ಯಂತ್ರಗಳ ಪಾಲು ಶೇ 35 ಮಾತ್ರವಿದ್ದರೂ ಅತ್ಯಂತ ದುಬಾರಿಯಾದ ಸಂಚಾರದಲ್ಲಿ ಅವುಗಳ ಪಾಲು ಶೇ 65 ಎಂದೂ ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲಿನಲ್ಲಿ ಪ್ರಕಟಿಸಿತು. ಅಂತಹ ಮಹಾಸಂಸ್ಥೆಗೇ ಬಿಸಿ ತಟ್ಟಿರುವಾಗ, ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳಲ್ಲಿ ತಾಣ ನಡೆಸುವವನ ಪಾಡೇನು? ಯಂತ್ರಗಳಿಗೂ ಇಡೀ ಸಂಗ್ರಹವನ್ನು ಒಂದೇ ಕಡತವಾಗಿ ಕೊಟ್ಟುಬಿಟ್ಟರೆ ಪುಟ ಪುಟಕ್ಕೂ ಬಂದು ಕದ ತಟ್ಟುವ ಕಾರಣ ಅಷ್ಟಾದರೂ ಕಡಿಮೆಯಾದೀತು; ಒಳ್ಳೆಯ ನಡತೆಯ ಯಂತ್ರಗಳಾದರೆ.

ಇನ್ನು ಸಾರ್ವಜನಿಕರ ಕರ್ತವ್ಯ. ತಾಣವೊಂದನ್ನು ಹತ್ತು ವರ್ಷ ಓದಿ, ಅದು ಮುಚ್ಚಿದ ದಿನ ಸಂತಾಪ ಸೂಚಿಸುವ ಸಹೃದಯರ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಚಂದಾ ಕೊಡುವವರು ಎಲ್ಲ ಕಾಲದಲ್ಲಿಯೂ ಕೆಲವರೇ. ಆದರೆ ಕೊಡದಿರುವವರೂ ಒಂದು ರೀತಿಯಲ್ಲಿ ಆಗಲೇ ಕೊಟ್ಟಿದ್ದಾರೆಂಬುದನ್ನು ಗಮನಕ್ಕೆ ತರಬಯಸುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ದಾಸರಹಳ್ಳಿಯ ಮನೆಯೊಡೆಯನೂ ಪೀಣ್ಯದ ಕಾರ್ಖಾನೆಯ ಯಜಮಾನನೂ ವರ್ಷ ವರ್ಷ ಸಲ್ಲಿಸುತ್ತಲೇ ಇದ್ದಾರೆ. ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ಪೂರ್ತಿ ಸಂದಾಯವಾಗದೆ ಬಾಕಿ ಬೆಳೆಯುತ್ತಿರುವ ಸುದ್ದಿಯೂ ಪತ್ರಿಕೆಗಳಲ್ಲಿ ಆಗಾಗ್ಗೆ ಬರುತ್ತಲೇ ಇದೆ. ಆ ನಿಧಿಯ ಅತ್ಯಲ್ಪ ಭಾಗದಿಂದ ಕನ್ನಡದ ಹವ್ಯಾಸಿ ಸಂಗ್ರಹಗಳಿಗೊಂದು ಆಶ್ರಯವನ್ನು ಕಲ್ಪಿಸುವುದು ಅಧಿನಿಯಮದ ಆಶಯಕ್ಕೆ ಹೊರತಾಗಲಾರದು. ಕರ್ನಾಟಕ ಜ್ಞಾನ ಆಯೋಗದ ಕನಸಾಗಿ ಹುಟ್ಟಿದ ‘ಕಣಜ’ ಅಂತರಜಾಲ ತಾಣಕ್ಕೆ ಸರ್ಕಾರ ತನ್ನದೇ ವಿಳಾಸದಲ್ಲಿ ಸ್ಥಳ ಕೊಟ್ಟಿರುವುದರಿಂದ ಇದು ಅಪೂರ್ವವಾದ ಬೇಡಿಕೆಯೂ ಅಲ್ಲ.

ವೆಚ್ಚದ ಮಾತಿಗೆ ಒಂದು ಲೆಕ್ಕ ಹೇಳಿದರೆ ಸಾಕು. ಸಂಚಯ ಬಳಗದ ಸ್ವಯಂಸೇವಕರು ಕಟ್ಟಿದ ‘ವಚನ ಸಂಚಯ’ದಲ್ಲಿ 20000ಕ್ಕೂ ಹೆಚ್ಚು ವಚನಗಳಿವೆ. ಒಂದೊಂದು ವಚನಕ್ಕೆ ಸರಾಸರಿ 500 ಸಂಕೇತಗಳೆಂದು ಹಿಡಿದು, ಸಂಕೇತಕ್ಕೆ ಮೂರು ಬೈಟಿನಂತೆ ಗುಣಿಸಿದರೆ, ಹಲವು ಶತಮಾನಗಳ ಆ ಸಾಹಿತ್ಯರಾಶಿಯ ಬರಹ 30 ಎಂಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮದುವೆಯ ಮನೆಯಲ್ಲಿ ಮೊಬೈಲಿನಿಂದ ತೆಗೆದ ಅರ್ಧ ನಿಮಿಷದ ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ. ಅಂತಹ ಸಾವಿರ ಸಂಗ್ರಹಗಳು ಸೇರಿದರೂ 30 ಜಿಬಿ. ಯಾವ ಸಂಗ್ರಹ ಯೋಗ್ಯ, ಯಾವುದು ಅಯೋಗ್ಯವೆಂದು ತೀರ್ಮಾನಿಸಲು ಸಮಿತಿಯನ್ನು ನೇಮಿಸಿ, ಅದರ ಭತ್ಯೆಗೆ ಮಾಡುವ ಖರ್ಚಿನಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಬಹುದು.

ಈ ಆಶ್ರಯದ ಷರತ್ತುಗಳು ಮಾತ್ರ ಸ್ಪಷ್ಟವಾಗಿರತಕ್ಕವು. ತಾಣದ ವಿಳಾಸವೂ ಸಂಪಾದನೆಯೂ ಹವ್ಯಾಸಿಯದೇ ಆಗಿರಬೇಕು; ಇಲಾಖೆಗೆ ಒಂದಕ್ಷರವನ್ನೂ ತಿದ್ದುವ ಅಧಿಕಾರವಿರಕೂಡದು. ವರ್ಷಕ್ಕೊಮ್ಮೆ ಹವ್ಯಾಸಿಯು ಸಂಗ್ರಹದ ಪೂರ್ಣಪ್ರತಿಯನ್ನು ಇಲಾಖೆಗೂ, ಬೇರೊಂದು ಊರಿನ ವಿಶ್ವವಿದ್ಯಾನಿಲಯಕ್ಕೂ ಒಪ್ಪಿಸಬೇಕು. ಆ ಪ್ರತಿ ಅಲ್ಲಿ ಮುಚ್ಚಿದ ಲಕೋಟೆಯಂತೆ ಇರಲಿ. ಮೂಲತಾಣ ಸತತವಾಗಿ ಹನ್ನೆರಡು ತಿಂಗಳು ತೆರೆಯದೆ, ಕಳುಹಿಸಿದ ಪತ್ರಗಳಿಗೆ ಉತ್ತರವೂ ಬಾರದಿದ್ದಲ್ಲಿ, ಯಾರ ಅಪ್ಪಣೆಗೂ ಕಾಯದೆ ಅದನ್ನು ಸಾರ್ವಜನಿಕರಿಗೆ ತೆರೆಯುವ ಅಧಿಕಾರ ಗ್ರಂಥಪಾಲಕನಿಗಿರಬೇಕು.