ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡಿ

ಬೇಸಿಗೆ ಬಂತೆಂದರೆ ಸನ್‌ಸ್ಕ್ರೀನ್ ಜಾಹೀರಾತುಗಳ ಸುಗ್ಗಿ. ಹಚ್ಚದಿದ್ದರೆ ಚರ್ಮದ ಕ್ಯಾನ್ಸರ್ ಬಂದೀತೆಂಬ ಹೆದರಿಕೆಯೂ ಜೊತೆಗೇ ಮಾರಾಟವಾಗುತ್ತದೆ. ಬಿಳಿ ಚರ್ಮದವರೇ ಹೆಚ್ಚಿರುವ ಆಸ್ಟ್ರೇಲಿಯಾದಲ್ಲಿ ಆ ಎಚ್ಚರಿಕೆ ಸರಿ. 1981ರಿಂದಲೇ ಅಲ್ಲಿ ಅಂಗಿ, ಟೋಪಿ, ಸನ್‌ಸ್ಕ್ರೀನ್ ಪ್ರಚಾರ ನಡೆದಿದೆ. ನಮ್ಮಲ್ಲೂ ಆಲ್ಬಿನಿಸಂ ಇರುವವರಿಗೆ ಅದು ಬೇಕೇಬೇಕು. ಆದರೆ ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ದುಡಿಯುವ ನಾನು ಈ ರೋಗವನ್ನು ಕಂಡದ್ದು ಬಿಸಿಲೇ ತಾಗದ ಜಾಗದಲ್ಲಿ.

ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಆದರೆ ಅದರಲ್ಲೇ ಅಪಾಯಕಾರಿಯಾದ ಮೆಲನೋಮಾ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯನ್ನೇ ಹಿಡಿಯುತ್ತದೆ. ಒಬ್ಬ ರೈತರ ಹಿಮ್ಮಡಿಯ ಮಣ್ಣು ತೊಳೆದಾಗ ಕಂಡದ್ದು, ಒದ್ದೆ ಕಾಗದದ ಮೇಲೆ ಹರಡಿದ ಶಾಯಿಯಂಥ ಕಲೆ: ಒಂದು ಕಡೆ ಕಂದು, ಇನ್ನೊಂದು ಕಡೆ ಕಡುಕಪ್ಪು, ನಡುವೆ ಜಿನುಗುವ ಹುಣ್ಣು. "ಜಾಲಿಮುಳ್ಳು ನೆಟ್ಟಿತ್ರಿ ಸಿಸ್ಟರ್, ಅದರ ಕಲೆ ಐತಿ" ಎಂದರು. ಆಣಿ ಎಂದುಕೊಂಡು ಬ್ಲೇಡಿನಿಂದ ಕೆತ್ತಿದ್ದರು, ಪಟ್ಟಿಯನ್ನೂ ಅಂಟಿಸಿದ್ದರು. ನೋವಿಲ್ಲದ್ದರಿಂದ ಅವಸರವೂ ಇರಲಿಲ್ಲ. ಬಯಾಪ್ಸಿಗೆ ಕಳಿಸುವ ಹೊತ್ತಿಗೆ ರೋಗ ಹರಡಿ ತೊಡೆಸಂದಿಯಲ್ಲಿ ಗಂಟು ಎದ್ದಿತ್ತು. ಗಾಯಕ ಬಾಬ್ ಮಾರ್ಲಿಯದೂ ಇಂಥದೇ ಕಥೆ. ಕಾಲ್ಬೆರಳಿನದು ಫುಟ್‌ಬಾಲ್ ಆಟದ ಗಾಯವೆಂದು ತಿಳಿದಿದ್ದರು. ಮೆಲನೋಮಾ ಎಂದು ಗೊತ್ತಾದದ್ದು 1977ರಲ್ಲಿ. 1981ರಲ್ಲಿ, ಬರೀ 36ನೇ ವಯಸ್ಸಿಗೆ ತೀರಿಕೊಂಡರು.

ಚರ್ಮದ ಮೇಲ್ಪದರದಲ್ಲೇ ಇರುವಾಗ ಕತ್ತರಿಸಿ ತೆಗೆದರೆ ಬಹುತೇಕ ಗುಣವಾಗುವ ರೋಗವಿದು. ಅಷ್ಟು ಬೇಗ ಪತ್ತೆ ಹಚ್ಚಲು ಹೊಸ ಯಂತ್ರ, ಹೊಸ ಶಿಬಿರ ಬೇಕಿಲ್ಲ. ಕುಷ್ಠರೋಗ ಪತ್ತೆಗೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂದು ಕೇಳುತ್ತಾರೆ. ಅದೇ ಭೇಟಿಯಲ್ಲಿ ಇನ್ನೆರಡು ಪ್ರಶ್ನೆ ಸೇರಲಿ: ಅಂಗಾಲಿನಲ್ಲೋ ಉಗುರಿನಲ್ಲೋ ಕಪ್ಪು ಕಲೆ ದೊಡ್ಡದಾಗುತ್ತಿದೆಯೇ? ಹಳೆಯ ಸುಟ್ಟಗಾಯದ ಕಲೆ ಒಡೆದು ಮಾಯದ ಹುಣ್ಣಾಗಿದೆಯೇ? ಒಲೆಯ ಬೆಂಕಿಯಲ್ಲಿ ಸುಟ್ಟುಕೊಂಡ ಎಷ್ಟೋ ವರ್ಷಗಳ ಮೇಲೆ ಆ ಕಲೆಯಲ್ಲೇ ಕ್ಯಾನ್ಸರ್ ಹುಟ್ಟುವುದುಂಟು. ಸಕ್ಕರೆ ಕಾಯಿಲೆಯವರ ಪಾದವನ್ನಂತೂ ಹೇಗೂ ಪರೀಕ್ಷಿಸಲೇಬೇಕು. ಆಗಲೇ ಬಣ್ಣವನ್ನೂ ಗಮನಿಸಿದರಾಯಿತು.

ಕಪ್ಪು ಕಲೆಯ ಅಂಚು ಸೊಟ್ಟಗಿದ್ದರೆ, ಬಣ್ಣ ಒಂದೇ ಸಮ ಇಲ್ಲದಿದ್ದರೆ, ಪೆನ್ಸಿಲ್ ಹಿಂಬದಿಗಿಂತ ಅಗಲವಾಗಿದ್ದರೆ, ಬೆಳೆಯುತ್ತಿದ್ದರೆ ಬ್ಲೇಡು ಮುಟ್ಟಿಸದೆ ವೈದ್ಯರಿಗೆ ತೋರಿಸಿ. ನಾವು ನರ್ಸ್‌ಗಳೂ ಅಷ್ಟೇ: ಮಾಯದ ಹುಣ್ಣಿಗೆ ವಾರಗಟ್ಟಲೆ ಪಟ್ಟಿ ಬದಲಿಸುತ್ತ ಕೂರದೆ, ಬಯಾಪ್ಸಿ ಆಗಿದೆಯೇ ಎಂದು ವೈದ್ಯರನ್ನು ಕೇಳಬೇಕು.