ಬಯಲಿಗೂ ಛಾವಣಿ ಕೇಳುವ ನಿಯಮ

ಕಲೆ, ಸಂಸ್ಕೃತಿಗಳಿಗೆ ಸರಕಾರದ ನೀತಿಯಲ್ಲಿ ಆದ್ಯತೆ ಬೇಕೆಂಬ ಬೇಡಿಕೆ ಕರಾವಳಿಯಲ್ಲಿ ಸಾಮಾನ್ಯವಾಗಿ ಅನುದಾನ, ಪ್ರಶಸ್ತಿ, ರಂಗಮಂದಿರದ ಶಿಲಾನ್ಯಾಸಗಳಲ್ಲೇ ಮುಗಿದುಹೋಗುತ್ತದೆ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಬಯಲಾಟಕ್ಕೆ 2022ರಲ್ಲಿ ಬಂದ ಸಂಕಟಕ್ಕೆ ಹಣದ ಕೊರತೆ ಕಾರಣವಾಗಿರಲಿಲ್ಲ. ಆ ವರ್ಷದ ತಿರುಗಾಟದಲ್ಲಿ ಕಟೀಲು ದುರ್ಗಾಪರಮೇಶ್ವರೀ ದೇವಸ್ಥಾನದ ಆರು ಯಕ್ಷಗಾನ ಮೇಳಗಳೂ ಇಡೀ ರಾತ್ರಿಯ ಆಟವನ್ನು ಬಿಟ್ಟು, ಸಂಜೆಯೇ ಆರಂಭಿಸಿ ರಾತ್ರಿ ಬೇಗ ಮಂಗಳ ಹಾಡುವ 'ಕಾಲಮಿತಿ'ಗೆ ಹೊರಳಬೇಕಾಯಿತು; ಅದರ ಹಿಂದಿದ್ದುದು ಕೇಂದ್ರ ಸರಕಾರ 2000ನೇ ಇಸವಿಯಲ್ಲಿ ರೂಪಿಸಿದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು.

ಈ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಧ್ವನಿವರ್ಧಕ ನಿಷಿದ್ಧ. 2010ರ ತಿದ್ದುಪಡಿಯ ಬಳಿಕ ವಾದ್ಯಗಳೂ ಈ ನಿಷೇಧದೊಳಗೆ ಸೇರಿರುವುದರಿಂದ ಮೈಕಿಲ್ಲದ ಚೆಂಡೆಯೂ ತಪ್ಪಿತಸ್ಥನೇ. ವಿನಾಯಿತಿ ಇರುವುದು ಸಭಾಂಗಣ, ಸಮುದಾಯ ಭವನ, ಔತಣಕೂಟದ ಹಾಲ್‌ನಂತಹ ಮುಚ್ಚಿದ ಆವರಣಗಳಿಗೆ. ಹೆಸರಿನಲ್ಲೇ ಬಯಲನ್ನು ಹೊತ್ತ ಕಲೆಗೆ, ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಕಟ್ಟಿಕೊಳ್ಳುವ ಕಲೆಗೆ, ಛಾವಣಿ ಹೊದ್ದು ಬಾ ಎಂದು ಹೇಳಿದಂತಾಯಿತು ಇದು. ನಿಯಮ ಬರೆದವರ ಕಣ್ಣಮುಂದೆ ನಗರದ ಕಲೆಯಷ್ಟೇ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಬ್ಬಹರಿದಿನಗಳಿಗೆಂದು ರಾಜ್ಯ ಸರಕಾರ ನಡುರಾತ್ರಿ 12ರ ವರೆಗೆ ಸಡಿಲಿಕೆ ಕೊಡಬಹುದು, ಆದರೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ಆ ದಿನಗಳನ್ನು ಮೊದಲೇ ಗೊತ್ತುಪಡಿಸಿ. ಗಣೇಶೋತ್ಸವಕ್ಕೆ ಈ ಲೆಕ್ಕ ಸರಿ. ಹರಕೆಯ ಆಟದ ಲೆಕ್ಕವೇ ಬೇರೆ: ಸೇವಾಕರ್ತರು, ಅಂದರೆ ಆಟ ಆಡಿಸುವ ಹರಕೆ ಹೊತ್ತ ಮನೆಯವರು, ವರ್ಷಗಟ್ಟಲೆ ಸರದಿ ಕಾದು ಪಡೆದ ಒಂದೇ ಒಂದು ರಾತ್ರಿ ಅದು, ಮರುದಿನ ಮೇಳ ಇನ್ನೊಂದು ಊರಿನಲ್ಲಿರುತ್ತದೆ. ಮೇಳದ ತಿರುಗಾಟ ಆರು ತಿಂಗಳಿನದ್ದಾದರೂ ನೆರೆಮನೆಯವರ ನಿದ್ದೆ ಕೆಡುವುದು ಒಂದು ರಾತ್ರಿ ಮಾತ್ರ.

'ದೇವಿ ಮಹಾತ್ಮೆ'ಯನ್ನು ರಾತ್ರಿಯಿಡೀ ಕುಳಿತು ನೋಡಿದವರಿಗೆ ಹೊತ್ತಿನ ಬೆಲೆ ವಿವರಿಸಬೇಕಿಲ್ಲ. ನಡುರಾತ್ರಿ ಕಳೆದ ಮೇಲೆ, ತೂಕಡಿಸುತ್ತಿರುವ ಪ್ರೇಕ್ಷಕರ ಬೆನ್ನ ಹಿಂದಿನಿಂದ ದೊಂದಿಗಳ ನಡುವೆ ಅಬ್ಬರಿಸುತ್ತ ಮಹಿಷಾಸುರ ಬರುತ್ತಾನೆ. ರಾಳದ ಪುಡಿ ಬೆಂಕಿಗೆ ಬಿದ್ದು ಭುಗ್ಗೆನ್ನುವಾಗ ತಾಯಿಯ ಮಡಿಲಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತದೆ. ಶುಂಭನ ವಧೆಯ ಹೊತ್ತಿಗೆ ಮೂಡಣ ಬಿಳುಪೇರಿರುತ್ತದೆ. ಭಾಗವತರು ರಾಗಗಳನ್ನು ಆಯುವುದೂ ಈ ಹೊತ್ತನ್ನು ನೋಡಿಕೊಂಡೇ. ಈ ಇರುಳನ್ನು ಕತ್ತರಿಸಿದರೆ ಉಳಿಯುವುದು ಕಥೆ, ಆಟವಲ್ಲ.

ಕಾಲಮಿತಿಯೇ ಕೆಟ್ಟದ್ದೆಂದು ವಾದಿಸುವುದು ಅವಿವೇಕ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳ ಯಾರ ಒತ್ತಾಯವೂ ಇಲ್ಲದೆ ಮೊದಲೇ ಆ ದಾರಿ ಹಿಡಿದಿತ್ತು. ಕಲಾವಿದರಿಗೆ ನಿದ್ದೆ ಸಿಗುತ್ತದೆ, ಮರುದಿನ ಕೆಲಸಕ್ಕೆ ಹೋಗುವವರಿಗೂ ಅದು ಅನುಕೂಲ. ಆದರೆ ಮೇಳವೊಂದು ತಾನಾಗಿ ಕೈಗೊಳ್ಳುವ ತೀರ್ಮಾನಕ್ಕೂ ಠಾಣೆಯ ಅನುಮತಿ ಪತ್ರಕ್ಕೆ ಅಂಜಿ ಪ್ರಸಂಗ ಕತ್ತರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ರೋಗಿಗಳ, ಪರೀಕ್ಷೆಗೆ ಓದುವ ಮಕ್ಕಳ ದೂರು ನ್ಯಾಯವಾದದ್ದೇ, ಅದಕ್ಕೆ ಕಾರಣರಾದವರಲ್ಲಿ ಅಡಿಕೆ ಮರಕ್ಕೆಲ್ಲ ಸ್ಪೀಕರ್ ಕಟ್ಟಿಸುವ ಸಂಘಟಕರೇ ಮೊದಲಿಗರು. ಮೈಕಿನ ಸ್ವರ ತಗ್ಗಿಸಿದರೆ ಪರಿಹಾರವಾಗುವ ದೂರಿಗೆ ಆಟವನ್ನೇ ತಗ್ಗಿಸಬೇಕಾಗಿಲ್ಲ. ಬಿ.ಸಿ.ರೋಡಿನ ಹೆದ್ದಾರಿಯಲ್ಲಿ ಬೆಳಗಾಗುವ ತನಕ ಗೇರು ಬದಲಿಸುತ್ತ ಸಾಗುವ ಲಾರಿಗಳಿಗೆ 10 ಗಂಟೆಯ ಗಡಿ ಇಲ್ಲ, ಸರಕು ಸಾಗಣೆ ದೇಶದ ಅಗತ್ಯವೆಂದು ಎಲ್ಲರೂ ಒಪ್ಪಿದ್ದಾರೆ.

ಹೈಕೋರ್ಟ್‌ವರೆಗೆ ಹೋದ ಹೋರಾಟದ ನಂತರ, 2024ರ ಮಕರ ಸಂಕ್ರಮಣದಿಂದ ಕಟೀಲು ಮೇಳಗಳು ಶಬ್ದ ನಿಯಮ ಪಾಲಿಸುವ ಷರತ್ತಿನೊಂದಿಗೆ ಇಡೀ ರಾತ್ರಿಯ ಆಟಕ್ಕೆ ಮರಳಿದವು. ಆದರೆ ಷರತ್ತಿನೊಳಗಿನ ನಿಯಮ ಬದಲಾಗಿಲ್ಲ. ವಸತಿ ಪ್ರದೇಶದ ರಾತ್ರಿಯ ಮಿತಿಯಾದ 45 ಡೆಸಿಬೆಲ್, ಅಂದರೆ ತಗ್ಗಿದ ದನಿಯ ಮಾತುಕತೆಯಷ್ಟು ಸದ್ದು, ಚೆಂಡೆಯ ಮೊದಲ ಪೆಟ್ಟಿಗೇ ದಾಟಿಹೋಗುತ್ತದೆ. ಹಾಗಾಗಿ ಒಂದು ದೂರು ಬಂದರೆ ಸಾಕು, ಆಟ ಮತ್ತೆ ಅಧಿಕಾರಿಯ ಮರ್ಜಿಗೆ ಬೀಳುತ್ತದೆ. ರಾಜ್ಯದ ಸಚಿವ ಸಂಪುಟ 2017ರಲ್ಲಿ ಸಾಂಸ್ಕೃತಿಕ ನೀತಿಯೊಂದನ್ನು ಅಂಗೀಕರಿಸಿದೆ, ಅದೇ ವರ್ಷ ಯಕ್ಷಗಾನಕ್ಕೆ ಪ್ರತ್ಯೇಕ ಅಕಾಡೆಮಿಯೂ ಸಿಕ್ಕಿತು. ಆ ನೀತಿಗೆ ಅರ್ಥ ಬರಬೇಕಾದರೆ ರಾಜ್ಯ ಸರಕಾರ ಕೇಂದ್ರದ ಮುಂದೆ ಒಂದು ಸರಳ ತಿದ್ದುಪಡಿಯನ್ನು ಇಡಬೇಕು: ವಿನಾಯಿತಿಯ ದಿನಗಳನ್ನು ಇಡೀ ರಾಜ್ಯಕ್ಕೆ ಒಟ್ಟಾಗಿ ಎಣಿಸದೆ ಒಂದೊಂದು ಬಯಲಿಗೆ ಪ್ರತ್ಯೇಕವಾಗಿ ಎಣಿಸಬೇಕು, ಮತ್ತು ಸದ್ದನ್ನು ರಂಗಸ್ಥಳದಲ್ಲಲ್ಲ, ದೂರು ಕೊಟ್ಟವರ ಅಂಗಳದಲ್ಲಿ ನಿಂತು ಅಳೆಯಬೇಕು.