ಓಟದ ಮಕ್ಕಳಿಗೆ ಯೋಗವೋ, ತೂಕವೋ?

ಸೇಲಂ: ಬೆಳಗಿನ ಐದು ಗಂಟೆಗೆ ಧರ್ಮಪುರಿಯಲ್ಲಿ ಬಸ್ಸು ಹತ್ತಿ ತೊಪ್ಪೂರು ಘಾಟಿ ಇಳಿದು ಸೇಲಂಗೆ ಬರುವವರಿಗೆ ಈ ದೃಶ್ಯ ಹೊಸದಲ್ಲ. ಹೆದ್ದಾರಿಯ ಅಂಚಿನಲ್ಲಿ ಹುಡುಗರು ಓಡುತ್ತಿರುತ್ತಾರೆ. ಕಾಲಲ್ಲಿ ಅಗ್ಗದ ಕ್ಯಾನ್ವಾಸ್ ಬೂಟು, ಕೈಯಲ್ಲಿ ಮೊಬೈಲು. ಪದಕಕ್ಕಾಗಿ ಓಡುವವರು ಇವರಲ್ಲಿ ಬೆರಳೆಣಿಕೆಯಷ್ಟು. ಉಳಿದವರೆಲ್ಲ ಪೊಲೀಸ್ ಇಲ್ಲವೇ ಸೇನೆಯ ಆಯ್ಕೆಗಾಗಿ ಬೆವರು ಸುರಿಸುವವರು. ತಮಿಳುನಾಡಿನ ಎರಡನೇ ದರ್ಜೆ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ ಗಂಡಸರು 1500 ಮೀಟರನ್ನು 7 ನಿಮಿಷದೊಳಗೆ ಮುಗಿಸಬೇಕು. ಹೆಂಗಸರಿಗೆ 400 ಮೀಟರ್, 2 ನಿಮಿಷ 30 ಸೆಕೆಂಡು. ಒಂದು ಸೆಕೆಂಡು ಹೆಚ್ಚಾದರೂ ಮುಂದಿನ ಪ್ರಕಟಣೆಯವರೆಗೆ ಕಾಯಬೇಕು. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿದರೆ ಮುಗಿಯಿತು.

ಈ ಮಕ್ಕಳ ನಡುವೆ ಒಂದು ವಾದ ನಡೆದೇ ಇದೆ. ಓಟದ ಜೊತೆಗೆ ಮತ್ತೇನು ಮಾಡಬೇಕು? ಆಸನ ಹಾಕುವುದೋ, ಜಿಮ್ಮಿಗೆ ಹೋಗಿ ತೂಕ ಎತ್ತುವುದೋ? ತೂಕ ಎತ್ತಿದರೆ ಮೈ ಭಾರವಾಗಿ ಓಟ ಕೆಡುತ್ತದೆ ಎಂದು ಒಂದು ಗುಂಪು. ಯೋಗ ರಿಟೈರ್ ಆದವರಿಗೆ ಎಂದು ಇನ್ನೊಂದು. ಜೂನ್ 21 ಬಂತೆಂದರೆ ಮೊದಲ ಗುಂಪಿಗೆ ಬಲ ಬರುತ್ತದೆ. 2015ರಿಂದ ಆ ದಿನ ಅಂತರರಾಷ್ಟ್ರೀಯ ಯೋಗ ದಿನ. ಶಾಲೆ, ಕಚೇರಿಗಳಲ್ಲೆಲ್ಲ ಚಾಪೆ ಹಾಸುತ್ತಾರೆ. ಮರುದಿನ ಮತ್ತೆ ಅದೇ ಜಿಮ್ಮು, ಅದೇ ಗೋಡೆಯ ಮೇಲಿನ ತೋಳಿನ ಚಿತ್ರ.

ಬಿ.ಎ. ಓದಿದ ನನಗೆ ಶರೀರಶಾಸ್ತ್ರದ ಪಾಠವಾಗಿಲ್ಲ. ಆದರೆ ಅಣ್ಣನ ಮಗ ಇದೇ ಗೊಂದಲದಲ್ಲಿ ಒಂದು ವರ್ಷ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡೆ. ಊರಿನ ಹತ್ತಿರದ ಜಿಮ್ಮೊಂದರಲ್ಲಿ ಅವನಿಗೆ ಎದೆ ಮತ್ತು ತೋಳಿನ ವ್ಯಾಯಾಮ ಮಾತ್ರ ಹೇಳಿಕೊಟ್ಟರು, ಜೊತೆಗೆ ಪ್ರೋಟೀನ್ ಪುಡಿಯ ಡಬ್ಬಿ ಮಾರಿದರು. ಅಂಗಿ ಬಿಗಿಯಾಯಿತು, ಓಟದ ಸಮಯ ಇಳಿಯಲಿಲ್ಲ. ಮೊಣಕಾಲಿನ ಕೆಳಗೆ ಮುಂಗಾಲಿನ ಮೂಳೆ ನೋವು ಬೇರೆ ಶುರುವಾಯಿತು. ಆಮೇಲೆ ಯಾರೋ ಹೇಳಿದರೆಂದು ಜಿಮ್ಮು ಬಿಟ್ಟು ಓಟಕ್ಕೆ ಮೊದಲು ಅರ್ಧ ಗಂಟೆ ಆಸನ ಹಾಕತೊಡಗಿದ. ಅದರಿಂದಲೂ ಸಮಯ ಇಳಿಯಲಿಲ್ಲ. ಇದಾದ ಮೇಲೆಯೇ ನಾನು ಈ ವಿಷಯ ಹುಡುಕಿ ಓದಿದ್ದು.

ನನಗೆ ತಿಳಿದುಬಂದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಓಟಗಾರನಿಗೆ ಎರಡರಲ್ಲಿ ಒಂದನ್ನೇ ಆರಿಸುವ ಸ್ಥಿತಿ ಬಂದರೆ ತೂಕವೇ ಮುಂದು. ಆದರೆ ಅದು ತೋಳಿನ ತೂಕವಲ್ಲ, ಕಾಲಿನ ತೂಕ.

ಬೈಕಿನ ಲೆಕ್ಕದಲ್ಲಿ ಹೇಳುವುದಾದರೆ ಇದು ಮೈಲೇಜಿನ ಮಾತು. ಒಂದೇ ವೇಗದಲ್ಲಿ ಓಡುವ ಇಬ್ಬರಲ್ಲಿ ಕಡಿಮೆ ಆಮ್ಲಜನಕ ಬಳಸುವವನು ಕೊನೆಯ ಸುತ್ತಿಗೆ ಉಸಿರು ಉಳಿಸಿಕೊಂಡಿರುತ್ತಾನೆ. 1999ರಲ್ಲಿ ಫಿನ್ಲೆಂಡಿನ ಸಂಶೋಧಕರು ನುರಿತ ಓಟಗಾರರ ಒಂದು ಗುಂಪಿನ ತರಬೇತಿಯಲ್ಲಿ 32 ಶೇಕಡಾ ಭಾಗವನ್ನು ಜಿಗಿತ, ಚುರುಕಾದ ಕಿರು ಓಟ ಮತ್ತು ಕಾಲಿನ ತೂಕಕ್ಕೆ ಮೀಸಲಿಟ್ಟರು. ತರಬೇತಿಯ ಒಟ್ಟು ಹೊತ್ತು ಹೆಚ್ಚಿಸಲಿಲ್ಲ. ಒಂಬತ್ತು ವಾರಗಳ ನಂತರ ಅವರ 5 ಕಿ.ಮೀ. ಸಮಯ ಇಳಿಯಿತು. ವಿಶೇಷವೆಂದರೆ ಅವರ ಉಸಿರಿನ ಗರಿಷ್ಠ ಶಕ್ತಿ ಹೆಚ್ಚಾಗಿರಲಿಲ್ಲ, ಮೈಲೇಜು ಹೆಚ್ಚಿತ್ತು. 2008ರಲ್ಲಿ ನಾರ್ವೆಯಲ್ಲಿ ಇನ್ನೂ ಸರಳವಾಗಿ ಮಾಡಿ ನೋಡಿದರು. ಹೆಗಲ ಮೇಲೆ ಭಾರ ಹೊತ್ತು ಅರ್ಧ ಬಸ್ಕಿ, ನಾಲ್ಕು ಸಲದಂತೆ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ, ಎಂಟು ವಾರ. ಮೈಲೇಜು 5 ಶೇಕಡಾ ಸುಧಾರಿಸಿತು. ಮೈತೂಕ ಏರಲಿಲ್ಲ. ಭಾರ ಎತ್ತಿದರೆ ಮೈ ಭಾರವಾಗುತ್ತದೆ ಎಂಬ ನಮ್ಮೂರಿನ ಭಯಕ್ಕೆ ಇದೇ ಉತ್ತರ.

ಗಾಯದ ವಿಷಯದಲ್ಲೂ ಅಷ್ಟೇ. ಡೆನ್ಮಾರ್ಕಿನವರು 2014ರಲ್ಲಿ 25 ಅಧ್ಯಯನಗಳನ್ನು, ಅಂದರೆ 26,610 ಜನರ ವಿವರವನ್ನು, ಒಟ್ಟುಗೂಡಿಸಿ ನೋಡಿದಾಗ ಶಕ್ತಿ ತರಬೇತಿ ಪಡೆದವರಲ್ಲಿ ಕ್ರೀಡಾ ಗಾಯಗಳು ಮೂರನೇ ಒಂದು ಭಾಗಕ್ಕೂ ಕಡಿಮೆಯಾಗಿದ್ದವು. ಬರೀ ಮೈ ಎಳೆತದಿಂದ ಅಂಥ ಲಾಭ ಕಾಣಲಿಲ್ಲ. ಮೈ ಬಹಳ ಬಾಗಿದರೆ ಓಟಕ್ಕೆ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1996ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಸೊಂಟ, ಮೀನಖಂಡ ತುಸು ಬಿಗಿಯಾಗಿದ್ದ ಓಟಗಾರರೇ ಕಡಿಮೆ ಆಮ್ಲಜನಕ ಬಳಸಿದ್ದರು. ಸ್ಪ್ರಿಂಗ್ ಸಡಿಲವಾದರೆ ಪುಟಿಯುವುದಿಲ್ಲವಲ್ಲ! ಓಟಕ್ಕೆ ತುಸು ಮೊದಲು ಪಶ್ಚಿಮೋತ್ತಾನಾಸನದಲ್ಲಿ ನಿಮಿಷಗಟ್ಟಲೆ ಕೂತರೆ ಕಾಲಿನ ಬಲ ಸ್ವಲ್ಪ ಹೊತ್ತು ಕುಂದುತ್ತದೆ. ನಮ್ಮ ಹುಡುಗ ಮಾಡಿದ ತಪ್ಪು ಅದೇ.

ಹಾಗಾದರೆ ಯೋಗ ಬೇಡವೇ? ಬೇಕು, ಆದರೆ ಸಂಜೆಗೆ. ಓಟದ ದಣಿವು ಇಳಿಸಲು, ಉಸಿರು ಹದಕ್ಕೆ ತರಲು, ಒಂಟಿಕಾಲಿನ ಸಮತೋಲಕ್ಕೆ, ನಿದ್ದೆಗೆ ಅದು ಒದಗುತ್ತದೆ. ಆಯ್ಕೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಹೊರಳಾಡುವ ಮಕ್ಕಳಿಗೆ ಹತ್ತು ನಿಮಿಷದ ಪ್ರಾಣಾಯಾಮ ಯಾವ ಡಬ್ಬಿಗೂ ಕಡಿಮೆಯಲ್ಲ.

ಎರಡನ್ನೂ ಜೊತೆಗೂಡಿಸುವುದು ಹೊಸ ಸಂಗತಿಯೂ ಅಲ್ಲ. ಕನ್ನಡ ಓದುಗರು ಕೆ.ವಿ. ಅಯ್ಯರ್ ಅವರನ್ನು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಬಲ್ಲರು. ಅದೇ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, 1930ರ ದಶಕದಲ್ಲೇ ಬಾರ್‌ಬೆಲ್ಲನ್ನೂ ಸೂರ್ಯ ನಮಸ್ಕಾರವನ್ನೂ ಒಂದೇ ಪಾಠದಲ್ಲಿ ಕಲಿಸಿದವರು. ಅದೇ ದಶಕದಲ್ಲಿ, 1933ರಿಂದ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಕೃಷ್ಣಮಾಚಾರ್ಯರು ಮುಂದೆ ಮದರಾಸಿಗೆ ಹೋಗಿ ನೆಲೆಸಿದರು. ನಮ್ಮ ಬಾರಾಮಹಲ್ ಸೀಮೆ 1792ರವರೆಗೆ ಮೈಸೂರಿನ ಆಳ್ವಿಕೆಯಲ್ಲೇ ಇತ್ತೆಂಬುದು ನೆನಪಾಗಿ ನಗು ಬರುತ್ತದೆ. ಅವರಿಗಿಲ್ಲದ ಜಗಳ ನಮಗೇಕೆ ಬಂತೋ.

ಆಯ್ಕೆಯ ನಿಯಮಗಳೇ ಓಟದ ಜೊತೆ ಬಲವನ್ನೂ ಕೇಳುತ್ತವೆ. ತಮಿಳುನಾಡು ಪೊಲೀಸ್‌ಗೆ ಓಟದ ನಂತರ ಹಗ್ಗ ಹತ್ತಬೇಕು. ಸೇನೆಯ ರ್‍ಯಾಲಿಯಲ್ಲಿ 1.6 ಕಿ.ಮೀ. ಓಟಕ್ಕೆ 60 ಅಂಕವಾದರೆ, ಹತ್ತು ಪುಲ್ ಅಪ್‌ಗೆ 40 ಅಂಕ. ಗಡಿಯಾಚೆ ಕರ್ನಾಟಕದ ಕಾನ್‌ಸ್ಟೇಬಲ್ ಆಯ್ಕೆಯಲ್ಲಿ 1600 ಮೀಟರ್ ಓಟದ ಜೊತೆ ಗುಂಡು ಎಸೆತವಿದೆ. ಆಸನವೊಂದನ್ನೇ ನಂಬಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇದಕ್ಕೆ ತಿಂಗಳ ಫೀಸು ಕೊಡಲೇಬೇಕೆಂದಿಲ್ಲ. ನಮ್ಮ ಹಿರಿಯರು ಬಸ್ಕಿ ಎಂದದ್ದನ್ನು ತಮಿಳು ಮನೆಗಳಲ್ಲಿ ತೋಪ್ಪುಕರಣಂ ಎನ್ನುತ್ತಾರೆ. ಕರ್ನಾಟಕದ ಸಂಗ್ರಾಣಿ ಕಲ್ಲಿಗೆ ತಮಿಳುನಾಡಿನಲ್ಲಿ ಇಳವಟ್ಟಕಲ್ ಎಂಬ ಹೆಸರು. ಮೊದಲ ತಿಂಗಳು ಬರಿಮೈ ಬಸ್ಕಿ, ಆಮೇಲೆ ಹೆಗಲ ಮೇಲೆ ಮರಳು ಚೀಲ, ಕಟ್ಟೆ ಹತ್ತಿ ಇಳಿಯುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು. ವಾರಕ್ಕೆ ಎರಡು ದಿನ ಸಾಕು, ಜೋರು ಓಟದ ಹಿಂದಿನ ದಿನ ಬೇಡ. ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುವಂತಿದ್ದರೆ ಓಟವನ್ನೂ ಚೀಲವನ್ನೂ ಬಿಟ್ಟು ಡಾಕ್ಟರ ಬಳಿ ಹೋಗಬೇಕು. ಅದು ಮೂಳೆಯ ಬಿರುಕು ಇರಬಹುದು.

ಹೆಣ್ಣುಮಕ್ಕಳ ಕಷ್ಟ ಬೇರೆಯೇ. ಅವರ ಆಯ್ಕೆಯಲ್ಲೂ ಉದ್ದಜಿಗಿತ, ಗುಂಡು ಅಥವಾ ಕ್ರಿಕೆಟ್ ಚೆಂಡು ಎಸೆತವಿದೆ. ಆದರೆ ಊರಿನ ಜಿಮ್ಮಿನ ಬಾಗಿಲಲ್ಲಿ ಹತ್ತು ಹುಡುಗರು ನಿಂತಿದ್ದರೆ ಯಾವ ಅಪ್ಪ ಮಗಳನ್ನು ಕಳಿಸುತ್ತಾನೆ? ಹಾಗಾಗಿ ಹುಡುಗಿಯರಿಗೆ ಮನೆಯೊಳಗಿನ ಯೋಗವೇ ಗತಿ. ಅವರು ಅದನ್ನು ಆರಿಸಿಕೊಂಡದ್ದಲ್ಲ, ಬೇರೆ ದಾರಿ ಇರಲಿಲ್ಲ. 2016ರಲ್ಲಿ ಪಂಚಾಯ್ತಿಗಳಿಗೆ ಅಮ್ಮ ಉದ್ಯಾನ, ಅಮ್ಮ ಜಿಮ್ ಘೋಷಣೆಯಾಯಿತು. 2024ರಲ್ಲಿ ಕಲೈಞರ್ ಕ್ರೀಡಾ ಕಿಟ್ ಹಂಚಿಕೆ ಆರಂಭವಾಯಿತು. ನಿಮ್ಮ ಪಂಚಾಯ್ತಿಗೆ ಬಂದ ಸಾಮಾನು ಯಾವ ಕೋಣೆಯಲ್ಲಿದೆ, ಬೀಗದ ಕೈ ಯಾರ ಬಳಿ ಇದೆ, ಹೆಣ್ಣುಮಕ್ಕಳಿಗೆಂದು ದಿನಕ್ಕೆ ಒಂದು ಗಂಟೆ ಬಿಟ್ಟಿದ್ದಾರೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದು. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲಿ ಕೇಳಿದರೂ ಅವರಿಗೆ ಅರ್ಥವಾಗುತ್ತದೆ.

ಅಣ್ಣನ ಮಗ ಈಗ ವಾರಕ್ಕೆರಡು ದಿನ ಹಿತ್ತಿಲಲ್ಲಿ ಮರಳು ಚೀಲ ಹೊತ್ತು ಬಸ್ಕಿ ಹೊಡೆಯುತ್ತಾನೆ. ಅವನ ತಂಗಿಯೂ ಹೊಡೆಯುತ್ತಾಳೆ, ಅವಳ ಚೀಲ ಸ್ವಲ್ಪ ಚಿಕ್ಕದು. ಕಾಲು ನೋವು ಕಡಿಮೆಯಾಗಿದೆ. ಕಳೆದ ವಾರ 1500 ಮೀಟರ್ ಓಡಿ 6 ನಿಮಿಷ 40 ಸೆಕೆಂಡು ಎಂದು ಫೋನಿನಲ್ಲಿ ಹೇಳಿದ.